ಅಂಗಡಿಗೆ ಯಾವ ಫೋನು? ಪಶ್ಚಿಮ ತಾಲ್ಲೂಕುಗಳ ವ್ಯಾಪಾರಿಗಳಿಗೆ ಸೂತ್ರಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳೆಂದು ಬಹುಕಾಲ ಕರೆಸಿಕೊಂಡು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಊರುಗಳಿವು. ಹಡಗಲಿಯ ಮಲ್ಲಿಗೆ ಬೆಳೆಗಾರರು ಬಸ್ಸಿಗೆ ಹೂವಿನ ಗಂಟು ಹಾಕಿ ಫೋನಿನಲ್ಲೇ ದರ ಕುದುರಿಸುತ್ತಾರೆ. ಹರಪನಹಳ್ಳಿಯ ಮೆಕ್ಕೆಜೋಳದ ಖರೀದಿದಾರರು ಲಾರಿಯ ತೂಕದ ಚೀಟಿಯನ್ನು ಫೋಟೊ ತೆಗೆದು ಕಳಿಸುತ್ತಾರೆ. ಕೂಡ್ಲಿಗಿಯ ಗೊಬ್ಬರದಂಗಡಿಯ ಉದ್ರಿ ಲೆಕ್ಕವೂ ಫೋನಿಗೆ ಬಂದಿದೆ. ಇಷ್ಟೆಲ್ಲ ಭಾರ ಹೊರುವ ಸಾಮಾನನ್ನು ಕೊಳ್ಳುವಾಗ ಮಾತ್ರ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬಣ್ಣ ಯಾವುದು, ತಿಂಗಳ ಕಂತು ಎಷ್ಟು ಎಂಬಲ್ಲಿಗೇ ಮಾತು ನಿಲ್ಲುತ್ತದೆ. ಆಂಡ್ರಾಯ್ಡ್ ಆದೀತೋ, ಐಫೋನ್ ಆದೀತೋ, ಯಾಕೆ ಎಂದು ಕೂತು ಯೋಚಿಸುವವರು ಕಡಿಮೆ. ತಪ್ಪು ಫೋನಿನ ನಷ್ಟ ಅದರ ಬೆಲೆಯಲ್ಲಿ ಕಾಣುವುದಿಲ್ಲ. ಮೂರು ವರ್ಷದ ಮೇಲೆ ಗಿರಾಕಿಗಳ ಪಟ್ಟಿ, ಲೆಕ್ಕ, ಬ್ಯಾಂಕಿನ ವ್ಯವಹಾರ ಎಲ್ಲ ಒಟ್ಟಿಗೆ ಸಿಕ್ಕಿಹಾಕಿಕೊಂಡಾಗ ಅದು ಗೊತ್ತಾಗುತ್ತದೆ.

1. ಮೊದಲು ಕೆಲಸ ಬರೆಯಿರಿ, ಆಮೇಲೆ ಅಂಗಡಿಗೆ ಹೋಗಿ

ಒಂದು ಹಾಳೆ ತೆಗೆದುಕೊಂಡು ನಿನ್ನೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಫೋನಿನಲ್ಲಿ ಏನೇನು ವ್ಯವಹಾರ ಮಾಡಿದಿರಿ ಎಂದು ಬರೆಯಿರಿ. ಹಣ ತೆಗೆದುಕೊಂಡದ್ದು, ಹಣ ಕಳಿಸಿದ್ದು, ಬಿಲ್ಲು ಮಾಡಿದ್ದು, ಉದ್ರಿ ಬರೆದದ್ದು, ಮಾಲಿನ ಫೋಟೊ ಕಳಿಸಿದ್ದು, ಮಾರುಕಟ್ಟೆ ದರ ನೋಡಿದ್ದು, ಜಿಎಸ್‌ಟಿ ಒಟಿಪಿ ಬಂದದ್ದು. ಹತ್ತು ಸಾಲು ಆಗಬಹುದು. ಪ್ರತಿ ಸಾಲಿನ ಎದುರಿಗೆ ಅದಕ್ಕೆ ಬಳಸುವ ಆ್ಯಪ್‌ನ ಹೆಸರು ಹಾಕಿ. ಆ ಆ್ಯಪ್ ಎರಡೂ ಕಡೆ ಸಿಗುತ್ತದೆಯೋ, ಆಂಡ್ರಾಯ್ಡ್‌ನಲ್ಲಿ ಮಾತ್ರವೋ ಎಂದು ಪ್ಲೇ ಸ್ಟೋರ್, ಆ್ಯಪ್ ಸ್ಟೋರ್ ಎರಡರಲ್ಲೂ ಹುಡುಕಿ ನೋಡಿ. ಫೋನ್‌ಪೇ, ಗೂಗಲ್ ಪೇ, ಭೀಮ್, ವಾಟ್ಸಾಪ್ ಬಿಸಿನೆಸ್ ಇವೆಲ್ಲ ಎರಡರಲ್ಲೂ ಇವೆ. ತೊಡಕು ಬರುವುದು ಸಣ್ಣ ಕಂಪನಿಗಳ ಲೆಕ್ಕದ ಆ್ಯಪ್‌ಗಳಲ್ಲಿ, ಬೀಜ ಗೊಬ್ಬರ ಕಂಪನಿಗಳು ತಮ್ಮ ಡೀಲರುಗಳಿಗೆ ಕೊಡುವ ಆ್ಯಪ್‌ಗಳಲ್ಲಿ, ಇಲಾಖೆಗಳು ಹೊರತರುವ ಕೆಲವು ಆ್ಯಪ್‌ಗಳಲ್ಲಿ. ಅವು ಮೊದಲು ಆಂಡ್ರಾಯ್ಡ್‌ಗೆ ಬರುತ್ತವೆ, ಐಫೋನಿಗೆ ಬಂದರೆ ಬಂತು. ನಿಮ್ಮ ಹಾಳೆಯಲ್ಲಿ ಅಂಥ ಒಂದೇ ಸಾಲಿದ್ದರೂ ನಿರ್ಧಾರ ಅಲ್ಲಿಗೆ ಮುಗಿಯಿತು.

2. ಪ್ಲಾಟ್‌ಫಾರಂಗಳೂ ಸಾಯುತ್ತವೆ, ಆಯುಸ್ಸು ಕೇಳಿ

ಹದಿನೈದು ವರ್ಷದ ಹಿಂದೆ ಬೆಂಗಳೂರಿನ ಕಂಪನಿ ಅಧಿಕಾರಿಯ ಕೈಯಲ್ಲಿ ಬ್ಲ್ಯಾಕ್‌ಬೆರಿ ಇದ್ದರೆ ಅದೇ ವ್ಯವಹಾರದ ಫೋನು. ನಮ್ಮ ಕಡೆ ನೋಕಿಯಾ. ನಡುವೆ ವಿಂಡೋಸ್ ಫೋನು ಬಂತು. 2017ರಲ್ಲಿ ಘೋಷಣೆಯಾದ ಜಿಯೋಫೋನ್ ಕೈಒಎಸ್ ಎಂಬ ಇನ್ನೊಂದು ವ್ಯವಸ್ಥೆಯನ್ನು ಹಳ್ಳಿ ಹಳ್ಳಿಗೆ ತಂದಿತು. ಇವುಗಳಲ್ಲಿ ಯಾವುದೂ ಕೆಟ್ಟು ನಿಲ್ಲಲಿಲ್ಲ, ಬೆಂಬಲ ನಿಂತಿತು. ವಿಂಡೋಸ್ ಫೋನಿನಲ್ಲಿ ವಾಟ್ಸಾಪ್ 2019ರ ಕೊನೆಗೆ ಮುಗಿಯಿತು. ಬ್ಲ್ಯಾಕ್‌ಬೆರಿಯ ಹಳೆಯ ವ್ಯವಸ್ಥೆಗೆ ಕಂಪನಿಯೇ 2022ರ ಜನವರಿ 4ರಂದು ಸೇವೆ ನಿಲ್ಲಿಸಿತು. ಕೈಒಎಸ್‌ನಲ್ಲಿ ವಾಟ್ಸಾಪ್ 2025ರ ಆರಂಭಕ್ಕೆ ನಿಂತಿತು. ಫೋನು ಗಟ್ಟಿಮುಟ್ಟಾಗಿ ಕೈಯಲ್ಲೇ ಇತ್ತು, ವ್ಯಾಪಾರ ಮಾತ್ರ ಅದರಲ್ಲಿ ನಡೆಯದಂತಾಯಿತು.

ಈಗ ಉಳಿದಿರುವುದು ಎರಡೇ, ಆಂಡ್ರಾಯ್ಡ್ ಮತ್ತು ಐಒಎಸ್. ಎರಡೂ ಸದ್ಯಕ್ಕೆ ಹೋಗುವಂಥವಲ್ಲ. ಆದರೆ ಇವುಗಳ ಒಳಗೂ ಒಂದೊಂದು ಮಾಡೆಲ್‌ಗೆ ಒಂದೊಂದು ಆಯುಸ್ಸಿದೆ. ವಾಟ್ಸಾಪ್ 2025ರ ಮೇ ತಿಂಗಳಿಂದ ಐಒಎಸ್ 15.1ಕ್ಕಿಂತ ಹಳೆಯ ಐಫೋನುಗಳನ್ನು ಕೈಬಿಟ್ಟಿತು. ಆಂಡ್ರಾಯ್ಡ್ ಕಡೆಯಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಗೂಗಲ್ ತನ್ನ ಪಿಕ್ಸೆಲ್ 8ರಿಂದ ಏಳು ವರ್ಷ, ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಹೇಳಿವೆ. ಇವು ದುಬಾರಿ ಫೋನುಗಳು. ಆದರೆ ಕಡಿಮೆ ದರದ ಗ್ಯಾಲಕ್ಸಿ ಎ16 5ಜಿ ಫೋನಿಗೂ ಆರು ವರ್ಷದ ಮಾತು ಕೊಟ್ಟಿದ್ದಾರೆ. ಅದೇ ಬೆಲೆಯ ಬೇರೆ ಎಷ್ಟೋ ಫೋನುಗಳಿಗೆ ಎರಡು ಮೂರು ವರ್ಷವೂ ದಾಟುವುದಿಲ್ಲ.

ಮೊಬೈಲ್ ಅಂಗಡಿಯವರು, "ಅಣ್ಣಾ, ಇದರಾಗ ಎಲ್ಲಾ ಬರ್ತೈತಿ" ಎನ್ನುತ್ತಾರೆ. ಆಗ ಕೇಳಬೇಕಾದ್ದು ಒಂದೇ: "ಸೆಕ್ಯೂರಿಟಿ ಅಪ್‌ಡೇಟ್ ಎಷ್ಟು ವರ್ಷ ಬರ್ತೈತಪ್ಪಾ?" ಉತ್ತರ ಅವರಿಗೆ ಗೊತ್ತಿರದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಮಾಡೆಲ್ ಹೆಸರು ಹಾಕಿ ನೋಡಿ. ಎಣಿಕೆ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ, ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. ಎರಡು ವರ್ಷ ಹಳೆಯ ಮಾಡೆಲ್‌ಗೆ ರಿಯಾಯಿತಿ ಕೊಟ್ಟರೆ, ಅದರ ಆಯುಸ್ಸಿನಲ್ಲೂ ಎರಡು ವರ್ಷ ಕಳೆದಿರುತ್ತದೆ. ನನ್ನ ಮಟ್ಟಿಗೆ ಈ ಇಡೀ ಪಟ್ಟಿಯಲ್ಲಿ ಅತಿ ಮುಖ್ಯವಾದ ಸೂತ್ರ ಇದೇ.

3. ಬೆಲೆಯನ್ನು ವರ್ಷದಿಂದ ಭಾಗಿಸಿ

ಎರಡು ವರ್ಷ ಬಾಳುವ ಹತ್ತು ಸಾವಿರದ ಫೋನಿಗೆ ವರ್ಷಕ್ಕೆ ಐದು ಸಾವಿರ. ಆರು ವರ್ಷ ಬಾಳುವ ಹದಿನೆಂಟು ಸಾವಿರದ ಫೋನಿಗೆ ವರ್ಷಕ್ಕೆ ಮೂರು ಸಾವಿರ. ಇದೇ ಲೆಕ್ಕವನ್ನು ಐಫೋನಿಗೂ ಹಾಕಿ, ಅರ್ಧ ಲಕ್ಷದ ಫೋನು ಆರು ವರ್ಷ ಬಂದರೆ ವರ್ಷಕ್ಕೆ ಎಂಟು ಸಾವಿರದ ಮೇಲಾಯಿತು. ಕೊನೆಯಲ್ಲಿ ಮಾರಿದಾಗ ಐಫೋನಿಗೆ ಹೆಚ್ಚು ಬೆಲೆ ಬರುತ್ತದೆಂಬುದೂ ನಿಜ, ಅದನ್ನೂ ಕಳೆಯಿರಿ. ಕಂತಿನಲ್ಲಿ ಕೊಳ್ಳುವುದಾದರೆ ಬಡ್ಡಿ, ಪ್ರೊಸೆಸಿಂಗ್ ಶುಲ್ಕ ಎರಡನ್ನೂ ಕೂಡಿಸಿ.

4. ಜೋಡಿಸುವ ಯಂತ್ರವನ್ನು ಫೋನಿನ ಅಂಗಡಿಗೇ ಒಯ್ಯಿರಿ

ಕಿರಾಣಿ ಅಂಗಡಿ, ಹೋಟೆಲು, ಔಷಧಿ ಅಂಗಡಿಗಳಲ್ಲಿ ಈಗ ಅಂಗೈಯಗಲದ ಬ್ಲೂಟೂತ್ ಬಿಲ್ ಪ್ರಿಂಟರ್ ಬಂದಿದೆ. ಕಡಿಮೆ ಬೆಲೆಯ ಇಂಥ ಪ್ರಿಂಟರುಗಳಲ್ಲಿ ಹಲವು ಹಳೆಯ ಬಗೆಯ ಬ್ಲೂಟೂತ್ ಬಳಸುತ್ತವೆ. ಆಂಡ್ರಾಯ್ಡ್ ಅದನ್ನು ಒಪ್ಪಿಕೊಳ್ಳುತ್ತದೆ. ಐಫೋನಿಗೆ ಆಪಲ್‌ನ ಒಪ್ಪಿಗೆ ಇರುವ ಅಥವಾ ಬ್ಲೂಟೂತ್‌ನ ಹೊಸ ಬಗೆ ಇರುವ ಪ್ರಿಂಟರೇ ಬೇಕು. ಫೋನು ಕೊಂಡು ಮನೆಗೆ ಬಂದ ಮೇಲೆ ಪ್ರಿಂಟರ್ ಪಟ್ಟಿಯಲ್ಲಿ ಹೆಸರೇ ಕಾಣುವುದಿಲ್ಲ ಎಂದು ಗೋಳಾಡುವ ಬದಲು ಪ್ರಿಂಟರನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಒಂದು ಬಿಲ್ಲು ಹೊಡೆದು ನೋಡಿ.

ಬ್ಯಾಂಕ್ ಮಿತ್ರರಾಗಿ ಹಳ್ಳಿಯಲ್ಲಿ ಆಧಾರ್ ಮೇಲೆ ಹಣ ಕೊಡುವವರ ವಿಷಯ ಇನ್ನೂ ನೇರ. ಬೆರಳಚ್ಚಿನ ಯಂತ್ರವನ್ನು ಒಟಿಜಿ ವೈರಿನಿಂದ ಚುಚ್ಚುವುದು ಸಾಮಾನ್ಯವಾಗಿ ಆಂಡ್ರಾಯ್ಡ್ ಫೋನಿಗೆ, ಅದರ ಜೊತೆಗಿನ ಆರ್‌ಡಿ ಸರ್ವಿಸ್ ಆ್ಯಪ್ ಬರುವುದೂ ಅಲ್ಲಿಗೇ. ಈ ಕೆಲಸದವರು ಬೇರೆ ಯೋಚನೆ ಮಾಡುವುದು ಬೇಡ. ಎಲ್1 ದರ್ಜೆಯ ಯಂತ್ರಕ್ಕೆ ಯಾವ ಆಂಡ್ರಾಯ್ಡ್ ಆವೃತ್ತಿ ಬೇಕೆಂಬುದನ್ನು ಮಾತ್ರ ಯಂತ್ರ ಮಾರಿದವರ ಹತ್ತಿರ ಬರೆಸಿಕೊಳ್ಳಿ.

5. ಎರಡು ಸಿಮ್ಮು, ಎರಡು ಕಂಪನಿ

ನಮ್ಮ ತಾಲ್ಲೂಕುಗಳಲ್ಲಿ ಸಿಗ್ನಲ್ ಊರಿಂದ ಊರಿಗೆ ಬದಲಾಗುತ್ತದೆ. ಕೂಡ್ಲಿಗಿ ಪೇಟೆಯಲ್ಲಿ ಚೆನ್ನಾಗಿ ಬರುವ ಕಂಪನಿ ಗುಡೇಕೋಟೆಯ ಕಲ್ಲುಬೆಟ್ಟಗಳ ನಡುವೆ ಕೈಕೊಡಬಹುದು. ಹಡಗಲಿಯಲ್ಲಿ ಸಿಗುವುದು ತುಂಗಭದ್ರೆಯ ದಂಡೆಯ ಹಳ್ಳಿಯಲ್ಲಿ ಸಿಗಲಿಕ್ಕಿಲ್ಲ. ಮಾಲು ಖರೀದಿಗೆ ಸುತ್ತುವವರು ಬೇರೆ ಬೇರೆ ಕಂಪನಿಯ ಎರಡು ಸಿಮ್ ಇಟ್ಟುಕೊಳ್ಳಲೇಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಎರಡು ಸಿಮ್ ಹಾಕುವ ಜಾಗ ಬಹುತೇಕ ಇದ್ದೇ ಇರುತ್ತದೆ. ಇಲ್ಲಿ ಮಾರುವ ಎಷ್ಟೋ ಐಫೋನುಗಳಲ್ಲಿ ಒಂದು ಸಿಮ್ ಹಾಕಬಹುದು, ಎರಡನೆಯದು ಇ-ಸಿಮ್ ಆಗಬೇಕು. ಇ-ಸಿಮ್ ಒಳ್ಳೆಯ ವ್ಯವಸ್ಥೆಯೇ. ಆದರೆ ಫೋನು ಬಿದ್ದು ಒಡೆದ ದಿನ ಸಿಮ್ ಬಿಚ್ಚಿ ಪಕ್ಕದವರ ಹಳೆಯ ಫೋನಿಗೆ ಹಾಕಿ ಸಂತೆ ಮುಗಿಸುವ ಅನುಕೂಲ ಅದರಲ್ಲಿಲ್ಲ. ಯುಪಿಐ ಕೆಲಸ ಮಾಡಬೇಕಾದರೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕೆಂಬುದನ್ನು ನೆನಪಿಡಿ.

ಒಂದೇ ಫೋನಿನಲ್ಲಿ ಸಾಮಾನ್ಯ ವಾಟ್ಸಾಪ್ ಮನೆಯ ನಂಬರಿಗೆ, ವಾಟ್ಸಾಪ್ ಬಿಸಿನೆಸ್ ಅಂಗಡಿಯ ನಂಬರಿಗೆ ಇಡಬಹುದು. ಬಿಸಿನೆಸ್ ಆ್ಯಪ್ ಭಾರತದಲ್ಲಿ ಆಂಡ್ರಾಯ್ಡ್‌ಗೆ ಬಂದದ್ದು 2018ರಲ್ಲಿ, ಐಫೋನಿಗೆ ಬಂದದ್ದು ಮರುವರ್ಷ. ಹಣ ಕೊಡಬೇಕಿಲ್ಲ. ಮಾಲಿನ ಫೋಟೊ, ಬೆಲೆ ಹಾಕಿ ಕ್ಯಾಟಲಾಗ್ ಮಾಡಬಹುದು, ಅಂಗಡಿ ಮುಚ್ಚಿದ ಮೇಲೆ ಬರುವ ಸಂದೇಶಕ್ಕೆ ತಾನೇ ಉತ್ತರ ಹೋಗುವಂತೆ ಇಡಬಹುದು. ಇದನ್ನು ಬಿಟ್ಟು ಸ್ಟೇಟಸ್‌ನಲ್ಲಿ ಸೀರೆಯ ಫೋಟೊ ಹಾಕುತ್ತ ಕೂತಿರುವ ಅಂಗಡಿಗಳು ನಮ್ಮಲ್ಲಿ ಬಹಳ. ಸ್ಟೇಟಸ್ 24 ಗಂಟೆಗೆ ಹೋಗುತ್ತದೆ, ಕ್ಯಾಟಲಾಗ್ ಉಳಿಯುತ್ತದೆ.

6. ಐಫೋನು ಯಾರಿಗೆ ಒಪ್ಪುತ್ತದೆ

ಭಾರತದಲ್ಲಿ ನೂರು ಸ್ಮಾರ್ಟ್‌ಫೋನಿನಲ್ಲಿ ತೊಂಬತ್ತಕ್ಕಿಂತ ಹೆಚ್ಚು ಆಂಡ್ರಾಯ್ಡ್. ಆದ್ದರಿಂದ ಐಫೋನು ವ್ಯವಹಾರಕ್ಕೆ ಬೇಡ ಎಂದು ಹೇಳಿಬಿಟ್ಟರೆ ಅದು ಅನ್ಯಾಯ. ಮದುವೆ ಫೋಟೊ, ವಿಡಿಯೊ ಮಾಡುವವರು, ರೀಲ್ಸ್ ಮಾಡಿ ಬಟ್ಟೆ ಮಾರುವವರು, ಲಂಬಾಣಿ ಕಸೂತಿಯ ಬಣ್ಣವನ್ನು ದೂರದ ಗಿರಾಕಿಗೆ ತೋರಿಸಬೇಕಾದವರು ಐಫೋನನ್ನು ಗಂಭೀರವಾಗಿ ಪರಿಗಣಿಸಬೇಕು. ಅದರ ವಿಡಿಯೊ ಒಂದೇ ಸಮ ಬರುತ್ತದೆ, ಇನ್‌ಸ್ಟಾಗ್ರಾಂಗೆ ಹಾಕಿದಾಗ ಗುಣಮಟ್ಟ ಅಷ್ಟಾಗಿ ಕೆಡುವುದಿಲ್ಲ. ತಾಂಡಾದ ಹೆಣ್ಣುಮಕ್ಕಳು ಹಾಕುವ ಕೆಂಪು, ನೀಲಿ ದಾರ, ಕನ್ನಡಿ ಚೂರು, ಕವಡೆ ಇವೆಲ್ಲ ಫೋಟೊದಲ್ಲಿ ಬೇರೆ ಬಣ್ಣವಾಗಿ ಕಂಡರೆ ಮಾಲು ವಾಪಸು ಬರುತ್ತದೆ. ಅವರಿಗೆ ಕ್ಯಾಮೆರಾ ಎಂಬುದು ಶೋಕಿಯಲ್ಲ, ಬಂಡವಾಳ. ಬೆಂಗಳೂರು, ಹೊರದೇಶದ ಕಂಪನಿಗಳ ಜೊತೆ ಕೆಲಸ ಮಾಡುತ್ತ ಊರಲ್ಲೇ ಕೂತಿರುವ ಹುಡುಗರಿಗೂ, ಕಚೇರಿಯವರೆಲ್ಲ ಆಪಲ್ ಬಳಸುವುದಾದರೆ, ಅದೇ ಸುಲಭ.

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನು ತಯಾರಾಗುತ್ತದೆ, ಬೆಂಗಳೂರಿನ ಹೆಬ್ಬಾಳದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಆಪಲ್ ತನ್ನದೇ ಮಳಿಗೆ ತೆರೆಯಿತು. ನಮ್ಮ ರಾಜ್ಯದ್ದೇ ಮಾಲು ಎಂಬ ಹೆಮ್ಮೆ ಇರಲಿ, ಕೊಳ್ಳುವ ಕಾರಣ ಅದಾಗುವುದು ಬೇಡ.

ದಲ್ಲಾಳಿ ಅಂಗಡಿ, ಕಿರಾಣಿ, ಗೊಬ್ಬರ, ಹೂವು, ಹಾಲು, ಕುರಿ ವ್ಯಾಪಾರ, ಟ್ರ್ಯಾಕ್ಟರ್ ಬಾಡಿಗೆ, ಗ್ಯಾರೇಜು: ಇವರೆಲ್ಲರಿಗೂ ನನ್ನ ಸಲಹೆ ಹೆಚ್ಚು ವರ್ಷ ಅಪ್‌ಡೇಟ್ ಬರುವ ಆಂಡ್ರಾಯ್ಡ್. 6 ಜಿಬಿ ರ‍್ಯಾಮ್, 128 ಜಿಬಿ ಜಾಗಕ್ಕಿಂತ ಕಡಿಮೆಯದು ಬೇಡ. ವಾಟ್ಸಾಪ್ ಗುಂಪುಗಳ ಫೋಟೊ, ವಿಡಿಯೊಗಳೇ 64 ಜಿಬಿಯನ್ನು ಬಲುಬೇಗ ತುಂಬಿಬಿಡುತ್ತವೆ.

7. ಕನ್ನಡದಲ್ಲಿ ನಡೆಯುತ್ತದೆಯೇ, ಅಂಗಡಿಯಲ್ಲೇ ಪರೀಕ್ಷಿಸಿ

ಫೋನನ್ನು ನೀವೊಬ್ಬರೇ ಬಳಸುವುದಿಲ್ಲ. ಊಟಕ್ಕೆ ಹೋದಾಗ ಗಲ್ಲಾದಲ್ಲಿ ಅವ್ವ ಕೂರುತ್ತಾರೆ, ತಮ್ಮ ಕೂರುತ್ತಾನೆ, ಕೆಲಸದ ಹುಡುಗ ಕೂರುತ್ತಾನೆ. ಅವರಿಗೆ ಓದಲು ಬರುವ ಭಾಷೆಯಲ್ಲಿ ಫೋನು ಇರಬೇಕು. ಆಂಡ್ರಾಯ್ಡ್‌ನಲ್ಲಿ ಇಡೀ ಫೋನನ್ನು ಕನ್ನಡಕ್ಕೆ ಬದಲಿಸುವ ಅನುಕೂಲ 2014ರ ಲಾಲಿಪಾಪ್ ಆವೃತ್ತಿಯಿಂದಲೇ ಇದೆ. ಐಫೋನಿಗೆ ಕನ್ನಡ ಕೀಲಿಮಣೆ 2017ರಲ್ಲಿ ಬಂತು, ಪೂರ್ತಿ ಫೋನೇ ಕನ್ನಡದಲ್ಲಿ ಕಾಣುವ ವ್ಯವಸ್ಥೆ ಬರಲು 2025ರ ಐಒಎಸ್ 18.4ರವರೆಗೆ ಕಾಯಬೇಕಾಯಿತು. ಗೂಗಲ್‌ನ ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡ ಮಾತನ್ನು ಅಕ್ಷರ ಮಾಡುವ ಸೌಲಭ್ಯ 2017ರಿಂದ ಇದೆ. ಮೈಕಿನ ಗುರುತು ಒತ್ತಿ "ಐವತ್ತು ಚೀಲ ಶೇಂಗಾ ಕಳಿಸಿದ್ದೇನೆ" ಎಂದರೆ ಬರೆದುಕೊಳ್ಳುತ್ತದೆ. ಅಂಗಡಿಯಲ್ಲಿ ನಿಂತೇ ಒಮ್ಮೆ ಮಾತಾಡಿ ನೋಡಿ. ನಮ್ಮ ಕಡೆಯ ಆಡುಮಾತಿಗೆ ಅದು ಕೆಲವೊಮ್ಮೆ ತಡವರಿಸುತ್ತದೆ, ಅಂಕಿಗಳನ್ನು ಕಳಿಸುವ ಮುನ್ನ ಕಣ್ಣಾಡಿಸಿ.

ಇನ್ನೊಂದು ತೊಂದರೆ ಯಾವ ಪ್ಲಾಟ್‌ಫಾರಂನದೂ ಅಲ್ಲ. ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿಗಳಲ್ಲಿ ಈಗಲೂ ಎಷ್ಟೋ ಕಡೆ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲೇ ಟೈಪ್ ಮಾಡುತ್ತಾರೆ. ಆ ಕೊಟೇಶನ್, ಕರಾರು ಪತ್ರ ವರ್ಡ್ ಫೈಲಾಗಿ ನಿಮ್ಮ ಫೋನಿಗೆ ಬಂದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿಕೊಡಿ ಎಂದು ಕೇಳಿ, ಆಗದಿದ್ದರೆ ಪಿಡಿಎಫ್ ಮಾಡಿಸಿಕೊಳ್ಳಿ.

8. ಎಪಿಕೆ ಫೈಲ್ ಮುಟ್ಟಬೇಡಿ

ಆಂಡ್ರಾಯ್ಡ್‌ನ ದೊಡ್ಡ ದೌರ್ಬಲ್ಯವನ್ನು ಮುಚ್ಚಿಟ್ಟು ಅದನ್ನೇ ಕೊಳ್ಳಿ ಎನ್ನುವುದು ಸರಿಯಲ್ಲ. ಪ್ಲೇ ಸ್ಟೋರ್‌ನ ಹೊರಗಿನಿಂದಲೂ ಅದರಲ್ಲಿ ಆ್ಯಪ್ ಹಾಕಬಹುದು. ವಂಚಕರು ಬಳಸಿಕೊಳ್ಳುವುದು ಇದನ್ನೇ. ಮದುವೆಯ ಕರೆಯೋಲೆ, ಪಿಎಂ ಕಿಸಾನ್ ಕಂತು, ಸಾರಿಗೆ ಇಲಾಖೆಯ ದಂಡದ ಚಲನ್, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ ವಾಟ್ಸಾಪ್‌ಗೆ ಎಪಿಕೆ ಎಂದು ಕೊನೆಯಾಗುವ ಫೈಲ್ ಬರುತ್ತದೆ. ಕಳಿಸಿದವರು ಪರಿಚಯದವರೇ ಆಗಿರುತ್ತಾರೆ, ಏಕೆಂದರೆ ಅವರ ಫೋನು ಮೊದಲೇ ವಂಚಕರ ಕೈ ಸೇರಿರುತ್ತದೆ. ಅದನ್ನು ಒತ್ತಿ ಹಾಕಿಕೊಂಡು ಅನುಮತಿ ಕೊಟ್ಟರೆ ನಿಮ್ಮ ಎಸ್ಸೆಮ್ಮೆಸ್ ಅವರಿಗೂ ಕಾಣುತ್ತದೆ, ಒಟಿಪಿ ಸಮೇತ. ನಿಜವಾದ ಲಗ್ನಪತ್ರಿಕೆ ಫೋಟೊ, ಪಿಡಿಎಫ್ ಅಥವಾ ವಿಡಿಯೊ ಆಗಿ ಬರುತ್ತದೆ. ಆ್ಯಪ್ ಆಗಿ ಬರುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಅಪರಿಚಿತ ಆ್ಯಪ್ ಹಾಕುವ ಅನುಮತಿಯನ್ನು ವಾಟ್ಸಾಪ್‌ಗೂ ಬ್ರೌಸರ್‌ಗೂ ಮುಚ್ಚಿಡಿ. ಪ್ಲೇ ಪ್ರೊಟೆಕ್ಟ್ ಚಾಲೂ ಇರಲಿ. ಐಫೋನಿನಲ್ಲಿ ಈ ಬಾಗಿಲು ಮೊದಲೇ ಮುಚ್ಚಿದೆ, ಭದ್ರತೆಯಲ್ಲಿ ಅದರ ಹೆಚ್ಚುಗಾರಿಕೆ ಇದು. ಹಾಗೆಂದು ಮೋಸದ ಫೋನು ಕರೆ, ಸುಳ್ಳು ಲಿಂಕು, ಹಣ ಬಂತೆಂದು ತೋರಿಸುವ ನಕಲಿ ಸ್ಕ್ರೀನ್‌ಶಾಟ್ ಇವುಗಳಿಂದ ಯಾವ ಫೋನೂ ಕಾಯುವುದಿಲ್ಲ. ಸಂತೆಯ ಗದ್ದಲದಲ್ಲಿ ಗಿರಾಕಿ ತೋರಿಸುವ ಪರದೆಯನ್ನು ನಂಬಬೇಡಿ. ನಿಮ್ಮ ಸೌಂಡ್‌ಬಾಕ್ಸ್ ಕೂಗಬೇಕು ಅಥವಾ ನಿಮ್ಮ ಆ್ಯಪ್‌ನಲ್ಲಿ ಜಮಾ ಕಾಣಬೇಕು.

ದೊಡ್ಡ ಮೊತ್ತದ ವಹಿವಾಟು ಇರುವ ಖರೀದಿದಾರರು ಬ್ಯಾಂಕಿಗೆಂದೇ ಬೇರೆ ಫೋನು ಇಡುವುದು ಒಳ್ಳೆಯದು. ವಾಟ್ಸಾಪ್ ಗುಂಪುಗಳು, ಮಕ್ಕಳ ಆಟ, ಯೂಟ್ಯೂಬ್ ಯಾವುದೂ ಅದರಲ್ಲಿ ಇರಬಾರದು.

9. ಅಂಗಡಿಯ ರೊಕ್ಕ ಬೇರೆ, ಮನೆಯ ರೊಕ್ಕ ಬೇರೆ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಏನಾಯಿತೆಂದು ಎಲ್ಲರೂ ನೋಡಿದ್ದೇವೆ. ಬೆಂಗಳೂರಿನ ಅಂಗಡಿಗಳ ಮುಂದೆ ಯುಪಿಐ ಇಲ್ಲ, ನಗದು ಮಾತ್ರ ಎಂಬ ಫಲಕಗಳು ಬಂದವು. ಜಿಎಸ್‌ಟಿ ನೋಂದಣಿಯ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಖಾತೆಗೆ ಬಂದ ಹಣದಲ್ಲಿ ಮಾರಾಟದ್ದು ಎಷ್ಟು, ಅಣ್ಣ ಕೊಟ್ಟ ಕೈಗಡ ಎಷ್ಟು, ಚೀಟಿ ಎತ್ತಿದ್ದು ಎಷ್ಟು ಎಂದು ಬಿಡಿಸಿ ತೋರಿಸಲಾಗದವರು ಹೆಚ್ಚು ಸಂಕಟಪಟ್ಟರು. ಕ್ಯೂಆರ್ ಹರಿದುಹಾಕುವುದು ಇದಕ್ಕೆ ಪರಿಹಾರವಲ್ಲ. ಅಂಗಡಿಗೆ ಪ್ರತ್ಯೇಕ ಖಾತೆ ತೆರೆಯಿರಿ, ಆ ಖಾತೆಗೆ ಪ್ರತ್ಯೇಕ ನಂಬರ್, ಆ ನಂಬರಿಗೆ ವ್ಯಾಪಾರಿ ಕ್ಯೂಆರ್. ಪ್ರತಿ ತಿಂಗಳ ಸ್ಟೇಟ್‌ಮೆಂಟ್ ಪಿಡಿಎಫ್ ಇಳಿಸಿ ಇಡಿ. ತೆರಿಗೆ ಇಲ್ಲದ ಹಾಲು, ತರಕಾರಿ, ಹೂವು ಮಾರುವವರೂ ಖರೀದಿ ಚೀಟಿಗಳ ಫೋಟೊ ತೆಗೆದಿಡಬೇಕು. ಮಾಲು ಯಾವುದೆಂದು ತೋರಿಸಲು ಅದೇ ಆಧಾರ.

10. ಬ್ಯಾಕಪ್ ಎಲ್ಲಿ ಹೋಗುತ್ತದೆ ಎಂದು ತಿಳಿಯಿರಿ

ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಗೂಗಲ್ ಖಾತೆಗೆ ಹೋಗುತ್ತದೆ, ಅಲ್ಲಿ ಉಚಿತ ಜಾಗ 15 ಜಿಬಿ. ಐಫೋನಿನದು ಐಕ್ಲೌಡ್‌ಗೆ, ಅಲ್ಲಿ ಉಚಿತ ಜಾಗ 5 ಜಿಬಿ ಮಾತ್ರ. ಒಂದರ ಬ್ಯಾಕಪ್ಪನ್ನು ಇನ್ನೊಂದು ಓದುವುದಿಲ್ಲ. ಆಂಡ್ರಾಯ್ಡ್‌ನಿಂದ ಐಫೋನಿಗೆ ವಾಟ್ಸಾಪ್ ಸಂದೇಶ ಸಾಗಿಸುವ ದಾರಿ 2022ರಿಂದ ಇದೆ, ಆದರೆ ಎರಡೂ ಫೋನು ಎದುರಿಗಿರಬೇಕು, ಕೆಲಸ ಮಾಡುತ್ತಿರಬೇಕು. ಹಳೆಯದು ಕೆರೆಗೆ ಬಿದ್ದ ಮೇಲೆ ಆ ದಾರಿ ಇಲ್ಲ. ಪ್ಲಾಟ್‌ಫಾರಂ ಬದಲಿಸುವ ಆಸೆ ಇದ್ದರೆ ಹಳೆಯ ಫೋನು ಜೀವಂತವಿರುವಾಗಲೇ ಬದಲಿಸಿ.

ಗೂಗಲ್ ಖಾತೆಯ ಪಾಸ್‌ವರ್ಡ್ ಯಾರಿಗೆ ಗೊತ್ತು? ಎಷ್ಟೋ ಅಂಗಡಿಗಳಲ್ಲಿ ಫೋನು ಮಾರಿದ ಹುಡುಗನೇ ಖಾತೆ ತೆರೆದುಕೊಟ್ಟಿರುತ್ತಾನೆ, ಪಾಸ್‌ವರ್ಡ್ ಅವನಿಗೂ ಮರೆತಿರುತ್ತದೆ. ಆ ಖಾತೆ ನಿಮ್ಮ ಜಮಾಖರ್ಚಿನ ಪುಸ್ತಕವಿದ್ದಂತೆ, ಅದರ ಬೀಗದ ಕೈ ಬೇರೆಯವರ ಹತ್ತಿರ ಇರಬಾರದು. ಪಾಸ್‌ವರ್ಡ್ ಬದಲಿಸಿ, ಕಾಗದದ ಮೇಲೆ ಬರೆದು ಮನೆಯ ತಿಜೋರಿಯಲ್ಲಿಡಿ.

ಹೊಸ ಫೋನಿಗೆ ಹೋಗುವ ದಿನವನ್ನೂ ಆರಿಸಿಕೊಳ್ಳಿ. ಹೊಸ ಫೋನಿನಲ್ಲಿ ಯುಪಿಐ ಶುರುಮಾಡಿದ ಮೊದಮೊದಲು ಕಳಿಸುವ ಮೊತ್ತಕ್ಕೆ ಮಿತಿ ಇರುತ್ತದೆ. ಸಂತೆಯ ದಿನ, ಖರೀದಿಯ ದಿನ ಬೇಡ.

11. ಬಿಸಿಲು, ಬ್ಯಾಟರಿ, ಜಾತ್ರೆ

ಐಫೋನನ್ನು 0ಯಿಂದ 35 ಡಿಗ್ರಿ ಉಷ್ಣತೆಯವರೆಗೆ ಬಳಸಿ ಎಂದು ಆಪಲ್ ಹೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40ರ ಆಚೀಚೆ ಇರುತ್ತದೆ. ಯಾವ ಕಂಪನಿಯ ಫೋನಾದರೂ ಬೈಕಿನ ಹ್ಯಾಂಡಲ್ ಮೇಲೆ, ತಳ್ಳುಗಾಡಿಯ ಮೇಲೆ ಬಿಸಿಲಿಗೆ ಬಿಟ್ಟರೆ ಬಿಸಿಯಾಗಿ ಪರದೆ ಮಂಕಾಗುತ್ತದೆ, ಚಾರ್ಜ್ ಆಗುವುದು ನಿಲ್ಲುತ್ತದೆ, ಬ್ಯಾಟರಿಯ ಆಯುಸ್ಸು ಕುಗ್ಗುತ್ತದೆ. ಬಯಲಲ್ಲಿ ವ್ಯಾಪಾರ ಮಾಡುವವರು 5000 ಎಂಎಎಚ್ ಬ್ಯಾಟರಿ, ಬಿಸಿಲಲ್ಲೂ ಓದಲು ಬರುವ ಪರದೆ ಇರುವುದನ್ನು ಕೇಳಿ ತೆಗೆದುಕೊಳ್ಳಿ, ಹೊರಗೆ ಬೀದಿಗೆ ಒಯ್ದು ನೋಡಿ.

ಕೊಟ್ಟೂರೇಶ್ವರನ ತೇರಿಗೆ, ಮೈಲಾರದ ಕಾರಣಿಕಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಟವರ್ ಮೇಲೆ ಅಷ್ಟು ಭಾರ ಬಿದ್ದಾಗ ದುಬಾರಿ ಫೋನಿಗೂ ನೆಟ್ ಬರುವುದಿಲ್ಲ. ಅಂಥ ದಿನಕ್ಕೆ ಎರಡು ಕಂಪನಿಯ ಸಿಮ್ಮು, ಚಿಲ್ಲರೆ ನೋಟು ಎರಡೂ ಇರಲಿ. ನೆಟ್ ಇಲ್ಲದ ಬಟನ್ ಫೋನಿನಿಂದಲೂ ಹಣ ಕಳಿಸುವ ಯುಪಿಐ 123ಪೇ ವ್ಯವಸ್ಥೆ 2022ರಿಂದ ಇದೆ, ಮನೆಯಲ್ಲಿ ಬಿದ್ದಿರುವ ಬಟನ್ ಫೋನನ್ನು ಎಸೆಯಬೇಡಿ.

12. ರಿಪೇರಿ ಎಲ್ಲಿ, ಫೋನು ಅಸಲಿಯೇ

ಕೊಳ್ಳುವ ಮುನ್ನ ಅಧಿಕೃತ ಸರ್ವಿಸ್ ಸೆಂಟರ್ ಯಾವ ಊರಲ್ಲಿದೆ ಎಂದು ಕಂಪನಿಯ ವೆಬ್‌ಸೈಟಿನಲ್ಲಿ ನೋಡಿ. ಹರಪನಹಳ್ಳಿಯವರು ದಾವಣಗೆರೆಗೆ ಹೋದಾರು, ಹಗರಿಬೊಮ್ಮನಹಳ್ಳಿಯವರು ಹೊಸಪೇಟೆಗೆ. ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕೆಂದಾದರೆ ಒಂದು ದಿನದ ವ್ಯಾಪಾರವನ್ನೂ ಬಸ್ ಚಾರ್ಜನ್ನೂ ಫೋನಿನ ಬೆಲೆಗೆ ಕೂಡಿಸಿ. ಹಳೆಯ ಫೋನು ಕೊಳ್ಳುವವರು *#06# ಒತ್ತಿ ಬರುವ 15 ಅಂಕಿಯ ಐಎಂಇಐ ನಂಬರನ್ನು ಕೆವೈಎಂ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಸೇರಿಸಿ 14422ಕ್ಕೆ ಕಳಿಸಿ. ಕದ್ದ ಮಾಲೆಂದು ತಡೆಹಿಡಿದಿದ್ದರೆ ತಿಳಿಯುತ್ತದೆ. ನಿಮ್ಮ ಫೋನು ಕಳುವಾದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಅದನ್ನು ಬ್ಲಾಕ್ ಮಾಡಿಸಬಹುದು. 2023ರಲ್ಲಿ ಶುರುವಾದ ಈ ಸೇವೆಗೆ ಪೊಲೀಸ್ ದೂರಿನ ಪ್ರತಿ ಬೇಕು.

13. ನಂಬರ್ ಯಾರ ಹೆಸರಿನಲ್ಲಿದೆ

ಪ್ಲಾಟ್‌ಫಾರಂ ಬದಲಿಸಬಹುದು, ಫೋನು ಬದಲಿಸಬಹುದು. ಇಪ್ಪತ್ತು ವರ್ಷದಿಂದ ಗಿರಾಕಿಗಳ ಬಾಯಲ್ಲಿರುವ ನಂಬರ್ ಬದಲಿಸಲಾಗುವುದಿಲ್ಲ. ಆ ಸಿಮ್ ಎಂದೋ ಕೆಲಸ ಬಿಟ್ಟು ಹೋದ ಹುಡುಗನ ಹೆಸರಿನಲ್ಲಿ, ಊರು ಬಿಟ್ಟ ಪಾಲುದಾರನ ಹೆಸರಿನಲ್ಲಿ ಇರುವುದು ನಮ್ಮಲ್ಲಿ ಅಪರೂಪವೇನಲ್ಲ. ಈ ವಾರವೇ ಸಿಮ್ ಕಂಪನಿಯ ಮಳಿಗೆಗೆ ಹೋಗಿ ಕೇಳಿ, ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಸಿಮ್‌ಗೆ ಪಿನ್ ಹಾಕಿ, ವಾಟ್ಸಾಪ್‌ಗೆ ಎರಡು ಹಂತದ ಪಿನ್ ಹಾಕಿ. ಗೂಗಲ್ ಮ್ಯಾಪ್ಸ್‌ನಲ್ಲಿ ಅಂಗಡಿಯ ವಿಳಾಸ ತೆರೆದು, ಅಲ್ಲಿ ಇನ್ನೂ ಬಳ್ಳಾರಿ ಅಥವಾ ದಾವಣಗೆರೆ ಜಿಲ್ಲೆ ಎಂದಿದ್ದರೆ ವಿಜಯನಗರ ಎಂದು ತಿದ್ದಿ, ಈ ನಂಬರನ್ನೇ ಕೊಡಿ. ಫೋನಿನ ಮೂಲಕ ಹಣ ಹೋಯಿತೆಂದು ಗೊತ್ತಾದ ಕ್ಷಣವೇ, ಬ್ಯಾಂಕಿಗೆ ಓಡುವುದಕ್ಕೂ ಮೊದಲು, ಕರೆ ಮಾಡಬೇಕಾದ ಸಂಖ್ಯೆ 1930. ಗಲ್ಲಾಪೆಟ್ಟಿಗೆಯ ಮೇಲೆ ಇವತ್ತೇ ಬರೆದು ಅಂಟಿಸಿ.